ಹಂಪನಕಟ್ಟೆಯ ನಾರ್ವೇಜಿಯನ್ ಉಚ್ಚಾರ ತರಗತಿ: ಗುರು-ಲಘು ಗಟ್ಟಿ, ರಾಗ ಸಡಿಲ

ನಾರ್ವೆಗೆ ಹೊರಟ ನರ್ಸುಗಳಿಗೆಂದು ಮಂಗಳೂರಿನ ಹಂಪನಕಟ್ಟೆಯಲ್ಲಿ ಸಂಜೆ ಹೊತ್ತು ನಡೆಯುವ ಈ ತರಗತಿಯಲ್ಲಿ ಪದಗಳನ್ನು ಬಾಯಿಪಾಠ ಮಾಡಿಸುವ ಮೊದಲು ಒತ್ತು ಎಲ್ಲಿ ಬೀಳುತ್ತದೆಂದು ಕಿವಿಗೆ ಹಿಡಿಸುತ್ತಾರೆ. ಒತ್ತು ಎಂದರೆ ಇಲ್ಲಿ ಒತ್ತಕ್ಷರವಲ್ಲ, ದನಿಯ ಒತ್ತು.

ಪಾಠಕ್ಕೆ ಆಧಾರ ಹೈಸ್ಕೂಲಿನ ಛಂದಸ್ಸು. ಇದು ನಿಜಕ್ಕೂ ಒಳ್ಳೆಯ ದಾರಿ. ನಾರ್ವೇಜಿಯನ್ನಿನಲ್ಲಿ ಒತ್ತು ಬಿದ್ದ ಅಕ್ಷರ ಯಾವಾಗಲೂ ಗುರು: ಒಂದೋ ಸ್ವರ ದೀರ್ಘ, ಇಲ್ಲವೇ ಸ್ವರ ಹ್ರಸ್ವವಾಗಿ ಅದರ ಮುಂದಿನ ವ್ಯಂಜನಕ್ಕೆ ತೂಕ. ‘ತಾಕ್’ ಚಾವಣಿ, ‘ತಕ್ಕ್’ ಧನ್ಯವಾದ. ‘ಲೇಗೆ’ ವೈದ್ಯರು, ‘ಲೆಗ್ಗೆ’ ಇಡುವುದು. ವಾರ್ಡಿನಲ್ಲಿ ಇವು ಅದಲುಬದಲಾಗಬಾರದು. ಬರಹದಲ್ಲಿ ವ್ಯಂಜನ ಎರಡಿದ್ದರೆ ಸ್ವರ ಹ್ರಸ್ವ ಎಂದು ಹಿಡಿಯಬಹುದು. ಆದರೆ ಪದದ ಕೊನೆಯಲ್ಲಿ ‘ಎಂ’ ಅಕ್ಷರವನ್ನು ಎರಡು ಸಲ ಬರೆಯುವುದಿಲ್ಲ. ಹಾಗಾಗಿ ಕೋಣೆ ಎಂಬ ಅರ್ಥದ ‘ರುಮ್ಮ್’ ಪದವನ್ನು ಹಲವರು ‘ರೂಮ್’ ಎಂದು ಎಳೆಯುತ್ತಾರೆ. ನಮ್ಮ ಊರಿನ ನಾಲಿಗೆಗೆ ಇನ್ನೊಂದು ತೊಡಕೂ ಇದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಅರ್ಧ ‘ಉ’ ಅಂಟಿಸುತ್ತೇವೆ. ‘ಚೆಂದದ’ ಎಂಬ ‘ಪೇನ್’ ಆಗ ಅದರ ಬಹುವಚನ ‘ಪೇನೆ’ಯಂತೆ ಕೇಳುತ್ತದೆ. ಇದನ್ನು ಪ್ರತಿ ಪಾಠದಲ್ಲೂ ತಿದ್ದುತ್ತಾರೆ.

ಒತ್ತಿನ ಜಾಗವೂ ಸ್ಪಷ್ಟ. ಸ್ವಂತ ಪದಗಳಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರಕ್ಕೆ; ಬನಾನ್, ಸ್ಟುಡೆಂಟ್‌ನಂಥ ಎರವಲು ಪದಗಳಲ್ಲಿ ಕೊನೆಗೆ; ‘ಬೆತಾಲೆ’ಯಲ್ಲಿ (ಹಣ ಕೊಡುವುದು) ‘ಬೆ’ ಬಿಟ್ಟು ‘ತಾ’ಗೆ. ಆಸ್ಪತ್ರೆಗೆ ‘ಸ್ಯೂಕೆಹೂಸ್’: ಮುಖ್ಯ ಒತ್ತು ‘ಸ್ಯೂ’ಗೆ, ‘ಹೂಸ್’ಗೆ ಅದಕ್ಕಿಂತ ಕಡಿಮೆ.

ಕೈಗೆ ಕೊಡುವ ಹಾಳೆಗಳಲ್ಲಿ ದೋಷವಿದೆ. ‘ಎಸೆಯುವುದು’ ಎಂಬರ್ಥದ ‘ಕಸ್ತೆ’ಯನ್ನು ಕನ್ನಡ ಬರಹದ ಅಕ್ಷರದಂತೆ ‘ಕ-ಸ್ತೆ’ ಎಂದು ಬಿಡಿಸಿದ್ದಾರೆ. ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಒಂದೇ ವ್ಯಂಜನ ಮುಂದಕ್ಕೆ ಹೋಗಬೇಕು: ‘ಕಸ್-ತೆ’. ಸಮಾಸವಾದರೆ ಕೂಡಿದ ಜಾಗದಲ್ಲೇ ಮುರಿಯುವುದು: ‘ಸ್ಯೂಕೆ-ಹೂಸ್’. ‘ಕ-ಸ್ತೆ’ ಎಂದು ಓದಿದವರಿಗೆ ‘ಕ’ ಲಘುವಾಗಿ ಕಾಣುತ್ತದೆ, ಕಲಿಸಿದ್ದೆಲ್ಲ ಅಲ್ಲೇ ಸಡಿಲಾಗುತ್ತದೆ.

ದೊಡ್ಡ ಕೊರತೆ ರಾಗದ್ದು, ಅಂದರೆ ಪದ ಹೇಳುವಾಗ ದನಿ ಏರಿಳಿಯುವ ರೀತಿಯದು. ರೈತರು, ಬೀನ್ಸು ಎರಡಕ್ಕೂ ‘ಬೊನ್ನರ್’ ಎಂದೇ ಕೇಳುತ್ತದೆ. ಓಸ್ಲೊ ಕಡೆ ಮೊದಲನೆಯದು ತಗ್ಗಿನಲ್ಲಿ ಶುರುವಾಗಿ ಏರುತ್ತದೆ. ಎರಡನೆಯದು ಮೇಲಿಂದ ಇಳಿದು ಮತ್ತೆ ಏರುತ್ತದೆ. ಬರ್ಗೆನ್‌ನಲ್ಲಿ ರಾಗವೇ ಬೇರೆ. ಇಷ್ಟನ್ನೂ ಕೊನೆಯ ಒಂದೇ ಪಾಠಕ್ಕೆ ತುರುಕಿದ್ದಾರೆ, ಯಾವ ಊರಿನ ರಾಗ ಕಲಿಸುತ್ತಿದ್ದೇವೆ ಎಂದೂ ಹೇಳುವುದಿಲ್ಲ. ಸೇರುವವರು ಮೊದಲ ದಿನವೇ ಇದನ್ನು ಕೇಳಿ ತಿಳಿದುಕೊಳ್ಳಿ, ಕೆಲಸ ಸಿಕ್ಕ ಊರಿನವರ ಧ್ವನಿಮುದ್ರಣ ಕೊಡಿ ಎಂದು ಒತ್ತಾಯಿಸಿ.