ಸಂಶೋಧನೆ ಅಂತಾರೆ, ದುಡ್ಡೂ ತಗೊಳ್ತಾರೆ: ಆಟಿಸಂ ಮಕ್ಕಳ ತಲೆಗೆ ಕರೆಂಟ್ ಕೊಡುವವರ ಬಗ್ಗೆ ಎಚ್ಚರ

ಮಂಗಳೂರು, ಉಡುಪಿ ಕಡೆಯ ಆಟಿಸಂ ಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಬರಹ. ‘ಬ್ರೈನ್ ಸ್ಟಿಮ್ಯುಲೇಶನ್ ಮಾಡ್ತೇವೆ, ಮಾತು ಬರ್ತದೆ’ ಅಂತ ಯಾರಾದರೂ ಪ್ಯಾಕೇಜ್ ಹೇಳಿದರೆ ಅಡ್ವಾನ್ಸ್ ಕಟ್ಟುವ ಮೊದಲು ಒಮ್ಮೆ ಓದಿ.

ನನ್ನ ತಂಗಿಯ ಮಗನಿಗೆ ಆರು ವರ್ಷ. ಮನೆ ಉಡುಪಿ ಜಿಲ್ಲೆಯ ಕಾಪುವಿನಲ್ಲಿ. ಬಾಯಲ್ಲಿ ಬರುವುದು ಬೆರಳೆಣಿಕೆಯ ಮಾತು, ಅದರಲ್ಲಿ ಅರ್ಧ ಬಸ್ಸಿನ ಹೆಸರು. ಸ್ಪೀಚ್ ಥೆರಪಿ, ಓಟಿ (ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ) ಎರಡೂ ನಡೆಯುತ್ತಿದ್ದವು. ನಿಧಾನವೇ, ಆದರೂ ಅವನು ಮುಂದೆ ಹೋಗುತ್ತಿದ್ದ. ಆಗ ಮಂಗಳೂರಿನ ಒಂದು ಸೆಂಟರಿನ ವಿಡಿಯೋ ವಾಟ್ಸಾಪಿನಲ್ಲಿ ಬಂತು. ಒಂದು ಮಗು ಮೊದಲು ಕಿರುಚುತ್ತದೆ, ಆಮೇಲಿನ ತುಣುಕಿನಲ್ಲಿ ‘ಅಮ್ಮ’ ಅನ್ನುತ್ತದೆ. ತಂಗಿ, ಭಾವ ಹೊರಟರು. ಜೊತೆಗೆ ನಾನೂ ಹೋದೆ.

ಅಲ್ಲಿ ಮಾಡಿದ್ದು ಟಿಡಿಸಿಎಸ್, ಅಂದರೆ ತಲೆಯ ಹೊರಗಿನಿಂದ ಮೆದುಳಿಗೆ ಸಣ್ಣ ಕರೆಂಟ್ ಕೊಡುವುದು. ದೊಡ್ಡ ಯಂತ್ರವೇನೂ ಇಲ್ಲ. ಮೊಬೈಲಿಗಿಂತ ಸ್ವಲ್ಪ ದಪ್ಪದ ಒಂದು ಡಬ್ಬ, ಎರಡು ವೈರು, ಉಪ್ಪುನೀರಲ್ಲಿ ಅದ್ದಿದ ಎರಡು ಸ್ಪಂಜು, ಬಿಗಿಯಲು ಒಂದು ರಬ್ಬರ್ ಪಟ್ಟಿ. ಅದರಲ್ಲಿ ಸಾಮಾನ್ಯವಾಗಿ 1ರಿಂದ 2 ಮಿಲಿಆಂಪ್ ಕರೆಂಟ್ ಹರಿಸುತ್ತಾರೆ. ತೀರಾ ಸಣ್ಣದು, ನಿಜ. ಆದರೆ ಸ್ಪಂಜು ಸರಿಯಾಗಿ ಒದ್ದೆ ಇರಬೇಕು, ಚರ್ಮಕ್ಕೆ ಪೂರ್ತಿ ಕೂರಬೇಕು. ಒಣಗಿದರೆ ಅಥವಾ ಒಂದು ಕಡೆ ಎದ್ದು ನಿಂತರೆ ಕರೆಂಟ್ ಎಲ್ಲ ಒಂದೇ ಜಾಗಕ್ಕೆ ನುಗ್ಗಿ ಚರ್ಮ ಸುಡಬಹುದು. ದೊಡ್ಡವರಾದರೆ ‘ಉರೀತಿದೆ, ತೆಗೀರಿ’ ಅಂತಾರೆ. ಮಾತಿಲ್ಲದ ಮಗು ಎಂತ ಹೇಳಬೇಕು?

ನಮ್ಮವನು ಹೇಳಲಿಲ್ಲ, ಪಟ್ಟಿಯನ್ನೇ ಎಳೆದ. ಮತ್ತೆ ಮತ್ತೆ ಎಳೆದ. ಅಲ್ಲಿದ್ದ ಹುಡುಗಿ ಅವನ ಎರಡೂ ಕೈ ಹಿಡಿದುಕೊಂಡು, ಮುಂದೆ ಬಸ್ಸಿನ ವಿಡಿಯೋ ಹಾಕಿ ಕೂರಿಸಿದಳು. ‘ಶುರುವಿಗೆ ಎಲ್ಲ ಮಕ್ಕಳೂ ಹೀಗೇ’ ಅಂದಳು. ಪಟ್ಟಿ ಬಿಚ್ಚಿದಾಗ ಹಣೆಯ ಎಡಗಡೆ, ಕೂದಲು ಶುರುವಾಗುವ ಜಾಗದಲ್ಲಿ ಕೆಂಪು ಕಲೆ. ಮರುದಿನಕ್ಕೆ ಅದು ಉದ್ದಿನಬೇಳೆಯಷ್ಟು ದೊಡ್ಡ ಕಪ್ಪು ಹಕ್ಕಳೆಯಾಯಿತು. ಫೋನ್ ಮಾಡಿ ಕೇಳಿದರೆ ಉತ್ತರ: ‘ಎಂತ ಆಗುದಿಲ್ಲ ಮಾರ್ರೆ, ಕರೆಂಟ್ ಒಳಗೆ ಹೋಗ್ತಾ ಉಂಟು ಅಂತ ಅರ್ಥ.’

ಉಡುಪಿಯ ನಮ್ಮ ಮಕ್ಕಳ ಡಾಕ್ಟರು ಗಾಯ ನೋಡಿದವರೇ ಕೇಳಿದ್ದು ಬೇರೆ ಪ್ರಶ್ನೆ. ‘ಇವನಿಗೆ ಸಣ್ಣವನಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತಲ್ವಾ, ಅದನ್ನು ಅವರು ಕೇಳಿದ್ದಾರಾ?’ ಕೇಳಿರಲಿಲ್ಲ. ಫಾರಂ ತೆಗೆದು ನೋಡಿದೆವು. ಅಪ್ಪನ ಉದ್ಯೋಗ, ವರಮಾನ, ಫೇಸ್‌ಬುಕ್‌ನಲ್ಲಿ ಫೋಟೋ ಹಾಕಲು ಒಪ್ಪಿಗೆ ಎಲ್ಲ ಇದೆ. ಫಿಟ್ಸ್ ಬಗ್ಗೆ ಒಂದು ಸಾಲೂ ಇಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಕಾಯಿಲೆ ಬೇರೆ ಮಕ್ಕಳಿಗಿಂತ ಜಾಸ್ತಿ. ತಲೆಗೆ ಕರೆಂಟ್ ಕೊಡಲಿ, ಟಿಎಂಎಸ್ ಎಂಬ ಇನ್ನೊಂದು ವಿಧಾನದಲ್ಲಿ ಮಾಡುವ ಹಾಗೆ ಅಯಸ್ಕಾಂತದ ಕಾಯಿಲ್ ಇಡಲಿ, ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಇನ್ನು ದುಡ್ಡಿನ ವಿಷಯ. ನಾನು ಈ ಬರಹ ಬರೆಯಲು ಕೂತದ್ದೇ ಅದಕ್ಕೆ. ಅರ್ಧ ಲಕ್ಷದ ಹತ್ತಿರ ಮುಂಗಡ ಕಟ್ಟಿಸಿಕೊಂಡಿದ್ದರು. ಗಾಯದ ಬಗ್ಗೆ ಜೋರು ಮಾಡಿದಾಗ ‘ಸರ್, ಇದು ಸಂಶೋಧನೆ, ಗ್ಯಾರಂಟಿ ಕೊಡ್ಲಿಕ್ಕಾಗುದಿಲ್ಲ’ ಅಂದರು. ಹಾಗಾದರೆ ಹಣ ವಾಪಸ್ ಕೊಡಿ ಅಂದರೆ ‘ಟ್ರೀಟ್‌ಮೆಂಟ್ ಶುರುವಾದ ಮೇಲೆ ರೀಫಂಡ್ ಇಲ್ಲ’ ಅಂದರು. ಬಿಲ್ಲಿನಲ್ಲಿ ಬರೆದದ್ದು ಎರಡೂ ಅಲ್ಲ, ‘ವೆಲ್‌ನೆಸ್ ಸರ್ವೀಸ್’. ಗಾಯವಾದಾಗ ಒಂದು ಹೆಸರು, ಹಣ ಕೇಳಿದಾಗ ಇನ್ನೊಂದು, ತೆರಿಗೆಯವರಿಗೆ ಮತ್ತೊಂದು!

ನಿಜವಾದ ಸಂಶೋಧನೆಯಾದರೆ ದುಡ್ಡು ಕೇಳುವಂತಿಲ್ಲ. ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರದ ಮಂಡಳಿ ಐಸಿಎಂಆರ್‌ನ 2017ರ ನೀತಿ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಂಶೋಧನೆಯ ಖರ್ಚು ಭಾಗವಹಿಸುವವರ ತಲೆಗೆ ಬರಬಾರದು. ಸಂಶೋಧನೆ ನೀತಿಯ ಪ್ರಕಾರ ಇದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇರಬೇಕು. ಒಪ್ಪಿಗೆ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ತಂಗಿ ಓದಿದ್ದು ಕನ್ನಡ ಮೀಡಿಯಂ, ಅವಳಿಂದ ಸಹಿ ಹಾಕಿಸಿಕೊಂಡದ್ದು ನಾಲ್ಕು ಪುಟದ ಇಂಗ್ಲಿಷಿಗೆ. ಸಿಟಿಆರ್‌ಐ ಅಂತ ಸರ್ಕಾರದ ರಿಜಿಸ್ಟ್ರಿ 2007ರಿಂದ ಇದೆ. ನಮ್ಮ ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳು ಅದರಲ್ಲಿ ದಾಖಲಾಗುತ್ತವೆ, ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ನಂಬರ್ ಕೊಡಿ ಅಂದದ್ದಕ್ಕೆ ‘ನಮ್ಮದು ಇಂಟರ್ನ್ಯಾಷನಲ್ ರಿಸರ್ಚ್’ ಅಂದರು. ಇಂಟರ್ನ್ಯಾಷನಲ್ ಅಂತೆ, ಇದ್ದದ್ದು ಒಂದು ಪ್ಲೈವುಡ್ ಪಾರ್ಟಿಶನ್ ಹಿಂದೆ.

ಹಾಗಂತ ಈ ವಿಜ್ಞಾನವೇ ಬುರುಡೆ ಅಂತ ನಾನು ಹೇಳುತ್ತಿಲ್ಲ. ಟಿಎಂಎಸ್ ಶುರುವಾದದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. 2008ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಎಫ್‌ಡಿಎ ಖಿನ್ನತೆಗೆ ಅದನ್ನು ಒಪ್ಪಿತು. ಆಟಿಸಂನಲ್ಲಿ ಮೆದುಳಿನ ಕೋಶಗಳನ್ನು ಕೆರಳಿಸುವ ಸಂಕೇತ, ಸುಮ್ಮನಾಗಿಸುವ ಸಂಕೇತ ಇವೆರಡರ ಸಮತೋಲ ತಪ್ಪಿರಬಹುದು ಎಂಬ ಊಹೆ 2003ರಿಂದ ಚರ್ಚೆಯಲ್ಲಿದೆ, ಅದನ್ನು ಹಿಡಿದು ಒಳ್ಳೆಯ ಸಂಶೋಧಕರು ಕೆಲಸ ಮಾಡುತ್ತಿದ್ದಾರೆ. ಆದರೆ ಖಿನ್ನತೆಗೆ ಸಿಕ್ಕಿದ ಒಪ್ಪಿಗೆ ಪತ್ರವನ್ನು ಫ್ರೇಮ್ ಹಾಕಿ ಆಟಿಸಂ ಮಕ್ಕಳ ತಾಯಂದಿರಿಗೆ ತೋರಿಸುವುದು ಮೋಸ. ಅಲ್ಲಿ ಗೋಡೆಯ ಮೇಲಿದ್ದದ್ದು ಅದೇ.

‘ಮೊದಲು ಹೀಗಿತ್ತು, ಈಗ ಹೀಗಾಯಿತು’ ಅನ್ನುವ ವಿಡಿಯೋಗಳ ಬಗ್ಗೆಯೂ ಹೇಳಬೇಕು. 1998ರಲ್ಲಿ ಅಮೆರಿಕದಲ್ಲಿ ಮೂರು ಆಟಿಸಂ ಮಕ್ಕಳಿಗೆ ಸಿಕ್ರೆಟಿನ್ ಎಂಬ ಹಾರ್ಮೋನ್ ಕೊಟ್ಟಾಗ ಮಾತು, ನಡವಳಿಕೆ ಸುಧಾರಿಸಿತು ಅಂತ ವರದಿ ಬಂತು. ಪೋಷಕರು ಮುಗಿಬಿದ್ದರು. ಮರುವರ್ಷ 60 ಮಕ್ಕಳ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಅರ್ಧ ಮಕ್ಕಳಿಗೆ ಸಿಕ್ರೆಟಿನ್, ಇನ್ನರ್ಧಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಎರಡೂ ಗುಂಪಿನಲ್ಲಿ ಸುಮಾರು ಮೂರರಲ್ಲೊಂದು ಮಗು ಸುಧಾರಿಸಿದ ಹಾಗೆ ಕಂಡಿತು. ಮಕ್ಕಳು ಹೇಗೂ ಬೆಳೆಯುತ್ತಾರೆ, ನಾವು ಆಸೆಯಿಂದ ನೋಡುತ್ತೇವೆ, ಜೊತೆಗೆ ಥೆರಪಿಯೂ ನಡೆಯುತ್ತಿರುತ್ತದೆ. ಅದಕ್ಕೇ ಟಿಡಿಸಿಎಸ್ ಪರೀಕ್ಷೆಗಳಲ್ಲಿ ಒಂದು ಗುಂಪಿಗೆ ಸುಮಾರು ಅರ್ಧ ನಿಮಿಷ ಮಾತ್ರ ಕರೆಂಟ್ ಕೊಟ್ಟು ಗೊತ್ತಾಗದ ಹಾಗೆ ನಿಲ್ಲಿಸುತ್ತಾರೆ. ಶುರುವಿನ ಚುರುಚುರು ಇಬ್ಬರಿಗೂ ಒಂದೇ, ಯಾರಿಗೆ ನಿಜವಾದದ್ದು ಅಂತ ಪೋಷಕರಿಗೂ ತಿಳಿಯುವುದಿಲ್ಲ. ಆ ಎರಡು ಗುಂಪಿನ ನಡುವಿನ ವ್ಯತ್ಯಾಸ ತೋರಿಸದ ವಿಡಿಯೋಗೆ ಬೆಲೆಯಿಲ್ಲ.

ಇನ್ನೊಂದು, ಇದೇ ಸೆಂಟರಿನವರು ‘ಡಬ್ಬ ಬಾಡಿಗೆಗೆ ಕೊಡ್ತೇವೆ, ಮನೆಯಲ್ಲೇ ಮಾಡಿ’ ಅಂತಲೂ ಹೇಳುತ್ತಾರೆ. ದಯವಿಟ್ಟು ಬೇಡ. ಸ್ಪೀಚ್, ಓಟಿ ನಿಲ್ಲಿಸಿ ಅಂದರಂತೂ ಅಲ್ಲಿಂದ ಎದ್ದು ಬನ್ನಿ. ನಮಗೆ ಹಾಗೇ ಅಂದಿದ್ದರು, ‘ರಿಸಲ್ಟ್ ಮಿಕ್ಸ್ ಆಗ್ತದೆ’ ಅಂತ. ಪುಣ್ಯಕ್ಕೆ ತಂಗಿ ಕೇಳಲಿಲ್ಲ.

ಸೆಂಟರಿನ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ವಿಚಾರಣೆಯಲ್ಲಿದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಮೇಲೆ ಕಣ್ಣಿಡುವ ರಾಜ್ಯದ ಕೆಪಿಎಂಇ ಕಾಯ್ದೆಯಡಿ ಡಿಸಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟಿದ್ದೇವೆ. ಸೆಂಟರ್ ಮಂಗಳೂರಲ್ಲಿದ್ದರೂ ಗ್ರಾಹಕ ಆಯೋಗದ ದೂರನ್ನು ಉಡುಪಿಯಲ್ಲೇ ಹಾಕಿದೆವು. 2019ರ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಿಮಗೂ ಹೀಗಾಗಿದ್ದರೆ ಬಿಲ್ಲು, ಸಹಿ ಮಾಡಿದ ಫಾರಂನ ಪ್ರತಿ, ಗಾಯದ ಫೋಟೋ, ವಾಟ್ಸಾಪ್ ಮಾತು ಎಲ್ಲ ಇಟ್ಟುಕೊಳ್ಳಿ. ಫಾರಂನ ಪ್ರತಿಯನ್ನು ಅವರು ತಾವಾಗಿ ಕೊಡುವುದಿಲ್ಲ, ಸಹಿ ಹಾಕುವಾಗಲೇ ಫೋಟೋ ತೆಗೆದುಬಿಡಿ.