ಮೊಲದ ಕಾಲು ಮುರಿದರೆ ಮೊದಲು ಹಿಕ್ಕೆ ನೋಡಿ

ನಮ್ಮ ಮೊಲ ಬತ್ತಾಸಿಗೆ ಈಗ ಮೂರೇ ಕಾಲು. ನಾಲ್ಕನೆಯದು ಪಂಜರಕ್ಕೆ ಸಿಕ್ಕಿ ಹೋಯಿತು ಅಂತ ನೆಂಟರಿಗೆಲ್ಲ ಹೇಳುತ್ತೇವೆ. ಅದು ಅರ್ಧ ನಿಜ. ಮೂಳೆ ಮುರಿದದ್ದು ಪಂಜರದಿಂದ. ಕಾಲು ಹೋದದ್ದು ಆಮೇಲೆ ಎರಡೂವರೆ ದಿನ ನಾವು ಮಾಡಿದ ಉಪಚಾರದಿಂದ. ಬರೆಯಲು ನಾಚಿಕೆ ಆಗುತ್ತದೆ. ಆದರೂ ಮನೆಯಲ್ಲಿ ಮೊಲ ಸಾಕಿರುವವರು, ಅದರಲ್ಲೂ ನಮ್ಮ ಹಾಗೆ ಪೇಟೆಯಿಂದ ದೂರ ಇರುವವರು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಿಂದ ಒಳಗೆ, ತೋಟದ ಮನೆ. ಎಳ್ಳಮಾವಾಸ್ಯೆ ಜಾತ್ರೆಯ ವಾರವೇ ಮೊಲ ಮನೆಗೆ ಬಂತು. ಮಗಳ ಕೈಯಲ್ಲಿ ಬೆಂಡು ಬತ್ತಾಸಿನ ಪೊಟ್ಟಣ ಇತ್ತು, ಮೊಲವೂ ಅಷ್ಟೇ ಬೆಳ್ಳಗಿತ್ತು. ಹೆಸರು ಅಲ್ಲೇ ಬಿತ್ತು. ಪಂಜರದ ತಳವೂ ತಂತಿಯದೇ. ಹಿಕ್ಕೆ ಕೆಳಗಿನ ಟ್ರೇಗೆ ಬೀಳುತ್ತದೆ, ತೊಳೆಯೋದು ಸುಲಭ ಅಂತ ಅಂಗಡಿಯವರು ಹೇಳಿದ್ದರು. ಸುಲಭ ನಮಗೆ. ಮೊಲದ ಪಾದಕ್ಕೆ ನಾಯಿ ಬೆಕ್ಕಿನ ಹಾಗೆ ಮೆತ್ತೆ ಇರುವುದಿಲ್ಲ, ಬರೀ ಕೂದಲು. ತಂತಿಯ ಮೇಲೆ ಇಡೀ ದಿನ ಕೂರಬೇಕು ಪಾಪ. ಅದು ನನಗೆ ಆಗ ಹೊಳೆಯಲೇ ಇಲ್ಲ.

ಜುಲೈ ತಿಂಗಳು, ಪುನರ್ವಸು ಮಳೆ. ಶುಕ್ರವಾರ ರಾತ್ರಿ ಜಗಲಿಯ ಹತ್ತಿರ ಯಾವುದೋ ನಾಯಿ ಬಂದು ಬೊಗಳಿದ್ದು ಕೇಳಿಸಿತ್ತು. ಎದ್ದು ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ಬತ್ತಾಸು ಮೂಲೆಯಲ್ಲಿ ಮುದುಡಿ ಕೂತಿತ್ತು. ಎಡಗಡೆಯ ಹಿಂಗಾಲು ಮೊಣಕಾಲಿನ ಕೆಳಗೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು, ಚರ್ಮ ಹರಿದು ಸ್ವಲ್ಪ ರಕ್ತ. ಮೊಲದ ಮೈಯಲ್ಲಿರುವ ಮೂಳೆಯೆಲ್ಲ ಸೇರಿದರೆ ಅದರ ತೂಕದ ನೂರಕ್ಕೆ 7–8 ಪಾಲು ಅಷ್ಟೇ. ಬೆಕ್ಕಿಗೆ 12–13 ಇರುತ್ತದೆ. ಆದರೆ ಹಿಂಗಾಲಿನ ಒದೆತ ಮಾತ್ರ ಭಾರೀ ಜೋರು. ಹೆದರಿ ಒದ್ದರೆ ತನ್ನ ಕಾಲನ್ನು, ಕೆಲವು ಸಲ ಬೆನ್ನುಮೂಳೆಯನ್ನೂ ತಾನೇ ಮುರಿದುಕೊಳ್ಳುತ್ತದೆ.

ಅವತ್ತು ಹತ್ತು ದಿನದ ನಂತರ ಮಳೆ ಹೊಳವಾಗಿತ್ತು. ಮಲೆನಾಡಿನವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯಲು ಆಳುಗಳು ಬಂದಿದ್ದರು. ಅವರನ್ನು ಕಳಿಸಿದರೆ ಮತ್ತೆ ಯಾವಾಗ ಸಿಗುತ್ತಾರೋ ಗೊತ್ತಿಲ್ಲ. ಪಶು ಆಸ್ಪತ್ರೆಗೆ ಫೋನ್ ಮಾಡಿದೆವು. ಡಾಕ್ಟರು ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸು ನೋಡಲು ಹೋಗಿದ್ದರು, ಸಂಜೆ ಬನ್ನಿ ಅಂದರು. ಶಿವಮೊಗ್ಗಕ್ಕೆ ಹೋಗೋಣ ಅಂದೆ ನಾನು. "ಒಂದು ಮೊಲಕ್ಕೆ ಶಿವಮೊಗ್ಗನಾ?" ಅಂದರು ನಮ್ಮನೆಯವರು. ಮುಖ ಹಾಗೆ ಮಾಡಿದ್ದಷ್ಟೇ ಅವರ ತಪ್ಪು. ನಾನು ಹಟ ಹಿಡಿಯಲಿಲ್ಲ, ಅದು ನನ್ನದು.

"ಎಂತ ಆಗಲ್ಲ ಮಾರಾಯ್ತಿ, ಮೂಳೆ ಕಟ್ಟುವವರ ಹತ್ತಿರ ಹೋಗಿ ಬಾ. ಕಾಡುಮೊಲ ಕಾಲು ಮುರಕೊಂಡೂ ಬದುಕಲ್ವಾ?" ಅಂದರು ಅತ್ತೆ. ಕಾಡುಮೊಲ ಬೇರೆ, ಸಾಕುಮೊಲ ಬೇರೆ ಜಾತಿ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆ. (ತೋಟದಲ್ಲಿ ಕಾಡುಮೊಲದ ಮರಿ ಸಿಕ್ಕಿದರೆ ಮನೆಗೆ ತರಬೇಡಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.)

ಮೂಳೆ ಕಟ್ಟುವವರು ನಮ್ಮ ಕಡೆ ಹೆಸರಾದವರೇ. ಮಾವನವರ ಮುರಿದ ಕೈಯನ್ನು ಸರಿ ಮಾಡಿಕೊಟ್ಟವರು ಅವರೇ. ಅವರನ್ನು ಮೋಸಗಾರರು ಅನ್ನುವುದಿಲ್ಲ. ಆದರೆ ಅವರ ಕೈಗೆ ಇದ್ದದ್ದು ಮನುಷ್ಯರ, ದನದ ಅಳತೆ. ಸೊಪ್ಪು ಅರೆದು, ಮೊಟ್ಟೆಯ ಬಿಳಿ ಲೋಳೆ ಕಲಸಿ ಹಚ್ಚಿದರು. ಬಿದಿರಿನ ಚಕ್ಕೆ ಎರಡು ಕಡೆ ಇಟ್ಟು ಬಟ್ಟೆಯಿಂದ ಬಿಗಿಯಾಗಿ ಸುತ್ತಿದರು. ಕಾಲು ನೆಟ್ಟಗೆ ಕೋಲಿನ ಹಾಗೆ ನಿಂತಿತು. ಎಂಟು ದಿನ ಬಿಚ್ಚಬೇಡಿ ಅಂದರು. ಹರಿದ ಗಾಯ ಒಳಗೇ ಉಳಿಯಿತು.

ಬರುವ ದಾರಿಯಲ್ಲಿ ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಗಾಯ ಕೀವಾಗದೆ ಇರಲಿ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟರು. ಮಗಳಿಗೆ ಜ್ವರ ಬಂದಾಗ ಅದನ್ನೇ ಕೊಟ್ಟಿದ್ದೆ, ಧೈರ್ಯ ಇತ್ತು. ಶನಿವಾರ ಎರಡು ಸಲ, ಭಾನುವಾರ ಎರಡು ಸಲ ಕುಡಿಸಿದೆ.

ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಒಟ್ಟಿನಲ್ಲಿ ಪೆನಿಸಿಲಿನ್ ಗುಂಪಿನ ಔಷಧಿಯನ್ನು ಮೊಲಕ್ಕೆ ಬಾಯಿಯಿಂದ ಕೊಡಬಾರದು. ಹುಲ್ಲು ಅರಗಿಸುವುದಕ್ಕೆ ಮೊಲದ ಕರುಳಲ್ಲಿ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಈ ಔಷಧಿ ಅವನ್ನು ಸಾಯಿಸುತ್ತದೆ, ಆ ಜಾಗದಲ್ಲಿ ವಿಷ ಬಿಡುವಂಥವು ಬೆಳೆಯುತ್ತವೆ. ಬೇಧಿ ಶುರುವಾಗುತ್ತದೆ, ಮೊಲ ಸಾಯಲೂಬಹುದು. ಮೊಲಕ್ಕೆ ಆಗುವ ಆಂಟಿಬಯೋಟಿಕ್ ಬೇರೆ ಇವೆ. ಪ್ರಾಣಿ ಡಾಕ್ಟರು ತೂಕ ನೋಡಿ ಕೊಡುತ್ತಾರೆ.

ಭಾನುವಾರ ಬತ್ತಾಸು ಏನೂ ತಿನ್ನಲಿಲ್ಲ. ಕ್ಯಾರೆಟ್ ಇಟ್ಟೆ, ಮೂಸಿಯೂ ನೋಡಲಿಲ್ಲ. ನೋವಿಗೆ ಮಂಕಾಗಿದೆ, ಒಂದು ದಿನ ಉಪವಾಸ ಇದ್ದರೆ ಏನಾಯ್ತು ಅಂದುಕೊಂಡೆವು. ಮಧ್ಯಾಹ್ನ ಹಲ್ಲು ಕಡಿಯುವ ಸದ್ದು ಕೇಳಿತು. "ಅಮ್ಮ, ಖುಷಿಯಾಗಿದೆ!" ಅಂದಳು ಮಗಳು. ತಲೆ ಸವರಿದಾಗ ಮೊಲ ಮೆಲ್ಲಗೆ ಹಲ್ಲು ಆಡಿಸುತ್ತದಲ್ಲ, ಅದು ಖುಷಿಗೆ. ಇದು ಬೇರೆ. ಆಚೆ ಕೋಣೆಗೂ ಕೇಳುವಷ್ಟು ಕಟಕಟ. ಅದು ನೋವಿನ ಸದ್ದು. ಮೊಲ ನಾಯಿಯ ಹಾಗೆ ಕುಂಯ್‌ಗುಡುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ, ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಆ ಕಟಕಟವೇ ಅದರ ಕೂಗು. ನಾವು ಮೊಬೈಲಿನಲ್ಲಿ ವಿಡಿಯೋ ಮಾಡಿದೆವು. ಇನ್ನೂ ಇದೆ, ಅಳಿಸಲು ಮನಸ್ಸು ಬಂದಿಲ್ಲ, ನೋಡಲೂ ಬಂದಿಲ್ಲ.

ಸೋಮವಾರ ಬೆಳಿಗ್ಗೆ ವಾಸನೆ. ಚಕ್ಕೆಯಿಂದ ಹೊರಗೆ ಕಾಣುತ್ತಿದ್ದ ಬೆರಳು ತಣ್ಣಗೆ, ನೀಲಿಗಪ್ಪು. ಹಿಂದೆಲ್ಲ ಒದ್ದೆ, ಬೇಧಿ ಮೆತ್ತಿಕೊಂಡಿತ್ತು. ಬಾಲ ಎತ್ತಿ ನೋಡಿದರೆ ಹುಳ ಬಿದ್ದಿತ್ತು.

ಹುಳ ಹೇಗೆ ಬಿತ್ತು ಅಂತ ಆಮೇಲೆ ಅರ್ಥವಾಯಿತು. ಮೊಲ ಎರಡು ಥರ ಹಿಕ್ಕೆ ಹಾಕುತ್ತದೆ. ಒಂದು ನಾವು ಗುಡಿಸುವ ಒಣ ಗುಂಡು. ಇನ್ನೊಂದು ಮೆತ್ತನೆಯ ಸಣ್ಣ ಗೊಂಚಲು, ಅದನ್ನು ಬಗ್ಗಿ ಅಲ್ಲಿಂದಲೇ ತಿಂದುಬಿಡುತ್ತದೆ, ನಮಗೆ ಕಾಣುವುದೇ ಇಲ್ಲ. ಮೊಲಕ್ಕೆ ಬೇಕಾದ ಪೋಷಕಾಂಶದಲ್ಲಿ ಒಂದು ಪಾಲು ಸಿಗುವುದು ಅದರಿಂದಲೇ. ಕಾಲು ಕೋಲಿನ ಹಾಗೆ ಕಟ್ಟಿದ್ದರಿಂದ ಬತ್ತಾಸಿಗೆ ಬಗ್ಗಲಾಗಲಿಲ್ಲ. ಅದೂ ಉಚ್ಚೆಯೂ ಬೇಧಿಯೂ ಕೂದಲಿಗೆ ಅಂಟಿತು. ಮಳೆಗಾಲದ ನೊಣಕ್ಕೆ ಇನ್ನೇನು ಬೇಕು? ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳವಾಗುತ್ತದೆ. ಪಕ್ಕದ ಮನೆಯವರು ಫಿನಾಯಿಲ್ ಹಚ್ಚಿ ಅಂದರು. ದಯವಿಟ್ಟು ಹಚ್ಚಬೇಡಿ, ಟರ್ಪೆಂಟೈನ್ ಕೂಡ ಬೇಡ. ಚಿಮಟದಲ್ಲಿ ಒಂದೊಂದೇ ಎತ್ತುತ್ತಾ ಡಾಕ್ಟರ ಹತ್ತಿರ ಓಡಬೇಕು, ಅಷ್ಟೇ.

ಹೊರಟೆವು. ಮಂಡಗದ್ದೆ ದಾಟುವಾಗ ಮಳೆ ಎಷ್ಟು ಹೊಡೆಯುತ್ತಿತ್ತು ಅಂದರೆ ವೈಪರ್ ಸಾಕಾಗುತ್ತಿರಲಿಲ್ಲ. ಸಕ್ರೆಬೈಲು, ಗಾಜನೂರು ಯಾವಾಗ ಬಂತೋ ಗೊತ್ತಾಗಲಿಲ್ಲ. ಮಗಳು ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಮ್ಮ, ಕಿವಿ ತಣ್ಣಗಿದೆ" ಅಂತ ಹೇಳುತ್ತಲೇ ಇದ್ದಳು.

ಶಿವಮೊಗ್ಗದ ಡಾಕ್ಟರು ಕಾಲನ್ನು ನೋಡಲೇ ಇಲ್ಲ. ಅವರ ಮೊದಲ ಪ್ರಶ್ನೆ: "ತಿಂದು ಎಷ್ಟು ಹೊತ್ತಾಯ್ತು? ಕೊನೆಗೆ ಹಿಕ್ಕೆ ಹಾಕಿದ್ದು ಯಾವಾಗ?" ನನಗೆ ಎರಡೂ ಗೊತ್ತಿರಲಿಲ್ಲ. ಎರಡು ದಿನದಿಂದ ಕಾಲನ್ನೇ ನೋಡುತ್ತಾ ಕೂತಿದ್ದೆವು. "ಮುರಿದ ಕಾಲಿಂದ ಮೊಲ ಇವತ್ತು ಸಾಯಲ್ಲಮ್ಮ, ಹೊಟ್ಟೆ ನಿಂತರೆ ಸಾಯುತ್ತೆ" ಅಂದರು. ಮೊಲದ ಕರುಳು ಸದಾ ನಡೆಯುತ್ತಲೇ ಇರಬೇಕು. ನೋವು, ಹೆದರಿಕೆ, ಉಪವಾಸ, ಯಾವುದರಿಂದಾದರೂ ಅದು ನಿಲ್ಲುತ್ತದೆ. ಹತ್ತು ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ನಾಳೆ ನೋಡೋಣ ಅನ್ನುವ ಹಾಗೇ ಇಲ್ಲ. ನಮ್ಮದು ಒಂದು ದಿನ ದಾಟಿತ್ತು.

ಬೆಚ್ಚಗಿನ ಸಲೈನ್ ಚರ್ಮದ ಕೆಳಗೆ ಕೊಟ್ಟರು. ನೋವಿಗೆ ಮೆಲಾಕ್ಸಿಕ್ಯಾಮ್. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟರು. ಮೊಲದ ಮೈ ಬಿಸಿ ನಮಗಿಂತ ಜಾಸ್ತಿ, 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಬತ್ತಾಸು 36ಕ್ಕೆ ಇಳಿದಿತ್ತು. ಆಮೇಲೇ ಕಟ್ಟು ಬಿಚ್ಚಿದರು. ಕಟ್ಟಿನೊಳಗೆ ಕಾಲು ಊದಿ, ರಕ್ತ ಓಡದೆ ಸತ್ತಿತ್ತು. ಮೊದಲ ದಿನವೇ ಬಂದಿದ್ದರೆ ಪಿನ್ ಹಾಕಿ ಉಳಿಸಲು ನೋಡಬಹುದಿತ್ತು ಅಂದರು. ನಮ್ಮನೆಯವರು ಎದ್ದು ಹೊರಗೆ ಹೋದರು.

ಕಾಲು ತೆಗೆದದ್ದು ಗುರುವಾರ, ಹೊಟ್ಟೆ ಮತ್ತೆ ನಡೆಯಲು ಶುರುವಾದ ಮೇಲೆ. ಆಪರೇಷನ್ನಿಗೆ ಮುಂಚೆ ರಾತ್ರಿಯಿಂದ ಉಪವಾಸ ಇಡಬೇಕಾ ಅಂತ ಕೇಳಿದೆ, ನಮಗೆ ಹಾಗೇ ಅಲ್ವಾ. ಬೇಡವೇ ಬೇಡ ಅಂದರು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಉಪವಾಸ ಇಟ್ಟರೆ ಕರುಳು ನಿಲ್ಲುತ್ತದೆ. ಮೊಲಕ್ಕೆ ಉಪವಾಸ ಇಡಿ ಅಂತ ಯಾರಾದರೂ ಹೇಳಿದರೆ ಅವರಿಗೆ ಮೊಲ ಗೊತ್ತಿಲ್ಲ ಅಂತಲೇ ತಿಳಿಯಿರಿ. ಎಲ್ಲ ಸೇರಿ ಆರು ಸಾವಿರದ ಹತ್ತಿರ ಆಯಿತು. ಮೂಳೆ ಕಟ್ಟಿದ್ದಕ್ಕೆ ಇನ್ನೂರು, ಸಿರಪ್ಪಿಗೆ ಎಂಬತ್ತು ಕೊಟ್ಟು ಉಳಿತಾಯ ಮಾಡಿದ್ದೆವಲ್ಲ.

ಕಾಲು ಮುರಿದ ಹೊತ್ತಿಗೆ ಮಾಡಬೇಕಾದದ್ದು ಬಹಳ ಕಡಿಮೆ. ಎಳೆಯಬೇಡಿ, ನೆಟ್ಟಗೆ ಮಾಡಬೇಡಿ, ಕಟ್ಟಬೇಡಿ. ಹಾರಲು ಆಗದಷ್ಟು ಸಣ್ಣ ಪೆಟ್ಟಿಗೆಯಲ್ಲಿ ದಪ್ಪ ಟವೆಲ್ ಹಾಸಿ ಕೂರಿಸಿ, ಹುಲ್ಲು ಇಡಿ, ಕತ್ತಲೆ ಮಾಡಿ, ಹೊರಡಿ. ಕಿವಿ ಹಿಡಿದು ಎತ್ತಲೇಬಾರದು. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗಕ್ಕೆ. ಹೋಗುವ ಮುಂಚೆ ಫೋನ್ ಮಾಡಿ, ಮೊಲ ನೋಡುತ್ತೀರಾ, ಎಕ್ಸ್‌ರೇ ಇದೆಯಾ ಅಂತ ಕೇಳಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ದನದ ಡಾಕ್ಟರು ಬೇಕಾದಷ್ಟು ಜನ ಇದ್ದಾರೆ, ಮೊಲ ನೋಡಿದವರು ಕಮ್ಮಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ ಅನ್ನುವುದು ಅವತ್ತು ನಮ್ಮ ಮನೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ ನೋಡಿ.

ಮನೆಗೆ ಬಂದ ಮೇಲಿನ ಕೆಲಸವೇ ದೊಡ್ಡದು. ತಾನಾಗಿ ತಿನ್ನುವವರೆಗೆ ಮೊಲಕ್ಕೆ ಹಾಕುವ ಪೆಲೆಟ್ ತಿಂಡಿ ನೆನೆಸಿ, ನುಣ್ಣಗೆ ಅರೆದು, ಸೂಜಿ ಇಲ್ಲದ ಸಿರಿಂಜಿನಲ್ಲಿ ಕೊಟ್ಟೆವು. ಒಂದೂವರೆ ಕೆಜಿಯ ಬತ್ತಾಸಿಗೆ ಡಾಕ್ಟರು ಹೇಳಿದ ಲೆಕ್ಕ ಒಂದು ಸಲಕ್ಕೆ 15 ಎಂ.ಎಲ್., ದಿನಕ್ಕೆ ಐದು ಸಲ. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಜಾಗ ಇರುತ್ತದೆ, ಅಲ್ಲಿಂದ ಸ್ವಲ್ಪ ಸ್ವಲ್ಪ. ಎದುರಿನಿಂದ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿ ಗಟ್ಟಿಯಾಗಿದ್ದರೆ ತಿನ್ನಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಆಲಿಕೆಯನ್ನು ನಮಗೆ ಕೊಡಲಿಲ್ಲ, ಅದು ಇದ್ದರೆ ಮೆತ್ತನೆಯ ಹಿಕ್ಕೆ ತಿನ್ನಲಾಗದು ಅಂತ. ಬದಲಿಗೆ ಹೊಲಿಗೆ ನೆಕ್ಕದ ಹಾಗೆ ನಾವೇ ಸರದಿಯ ಮೇಲೆ ಕಾದೆವು. ಅತ್ತೆ ರಾತ್ರಿ ಎರಡರ ಸರದಿ ತೆಗೆದುಕೊಂಡರು. ಕೇಳಿರಲಿಲ್ಲ ನಾನು.

ಹುಲ್ಲಿನದೇ ದೊಡ್ಡ ತಾಪತ್ರಯ. ತೋಟದಲ್ಲಿ ಗರಿಕೆ ಬೇಕಾದಷ್ಟಿತ್ತು, ಆದರೆ ಕೊಳೆ ಔಷಧಿ ಹೊಡೆದಾಗಿತ್ತು. ಅಡಿಕೆ ಮರದಿಂದ ತೊಟ್ಟಿಕ್ಕಿದ ಮೈಲುತುತ್ತ, ಸುಣ್ಣ ಎಲ್ಲ ಕೆಳಗಿನ ಹುಲ್ಲಿನ ಮೇಲೆಯೇ. ಅದನ್ನು ಕೊಯ್ದು ಹಾಕಬೇಡಿ. ನಾವು ಗದ್ದೆಯ ಬದುವಿನಿಂದ ತಂದು, ಬಚ್ಚಲ ಒಲೆಯ ಹತ್ತಿರ ಹರಡಿ ಒಣಗಿಸಿ ಕೊಟ್ಟೆವು. ಮೊದಲ ಎಳೆಯನ್ನು ಅದು ಕರಕರ ಅಗಿದ ಸದ್ದಿಗೆ ಇಡೀ ಮನೆ ಬಚ್ಚಲ ಬಾಗಿಲಿಗೆ ಬಂದು ನಿಂತಿತ್ತು. ಮರುದಿನ ಬೆಳಿಗ್ಗೆ ಹನ್ನೊಂದು ಹಿಕ್ಕೆ. ಎಣಿಸಿದವರು ನಮ್ಮನೆಯವರು.

ಪಂಜರ ಈಗ ಕೊಟ್ಟಿಗೆಯ ಅಟ್ಟದಲ್ಲಿದೆ. ಬತ್ತಾಸು ಒಂದು ಮೂಲೆಯಲ್ಲಿ ರಬ್ಬರ್ ಮ್ಯಾಟಿನ ಮೇಲೆ ಹತ್ತಿ ಬಟ್ಟೆ ಹಾಸಿಕೊಂಡು ಇರುತ್ತದೆ. ಕಾವಿ ನೆಲ ಜಾರುತ್ತದೆ, ಗೋಣಿತಾಟಿಗೆ ಉಗುರು ಸಿಕ್ಕುತ್ತದೆ, ಎರಡೂ ಆಗದು. ಉಳಿದ ಹಿಂಗಾಲಿನ ಮೇಲೇ ಭಾರ ಬೀಳುವುದರಿಂದ ಹಿಮ್ಮಡಿಯಲ್ಲಿ ಕೂದಲು ಉದುರಿ ಹುಣ್ಣಾಗುತ್ತದಾ ಅಂತ ವಾರಕ್ಕೊಮ್ಮೆ ನೋಡುತ್ತೇವೆ. ದಪ್ಪ ಆಗಲು ಬಿಡುವುದಿಲ್ಲ. ಬಾಲದ ಕೆಳಗೆ ದಿನಾ ಎರಡು ಸಲ, ಮಳೆಗಾಲದಲ್ಲಿ ತಪ್ಪದೆ.

ಇನ್ನೊಂದು ಕೆಲಸ ಇದೆ, ಅದನ್ನು ಡಾಕ್ಟರು ಹೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಮೊಲ ಎಡಗಿವಿ ಕೆರೆದುಕೊಳ್ಳುವುದು ಎಡಗಡೆಯ ಹಿಂಗಾಲಿನಿಂದ. ಆ ಕಾಲಿಲ್ಲ. ಹಾಗಾಗಿ ಸಂಜೆ ದೀಪ ಹಚ್ಚಿದ ಮೇಲೆ ಮಗಳು ಅದರ ಎಡಗಿವಿಯ ಬುಡ ಕೆರೆದುಕೊಡುತ್ತಾಳೆ. ಆಗ ಬತ್ತಾಸು ಕಣ್ಣು ಮುಚ್ಚುತ್ತದೆ, ತೊಡೆಯ ಹತ್ತಿರ ಉಳಿದಿರುವ ಮೋಟು ತಾನೂ ಕೆರೆಯುತ್ತಿರುವ ಹಾಗೆ ಪಟಪಟ ಅಲ್ಲಾಡುತ್ತದೆ.