ಜಾಯಿಂಟ್ ಕಾಂಪೌಂಡ್: ಮೂರು ವರ್ಷ ಬಳಸಿದ ಮೇಲೆ

ನಡುಮನೆಯ ಗೋಡೆಗಳು ಹಲಸಿನ ಹಣ್ಣಿನ ಮೈಯಂತಿದ್ದವು. ಯಾವ ಕಾಲದಲ್ಲೋ ಯಾರೋ ಟೆಕ್ಸ್ಚರ್, ಅಂದರೆ ಉಬ್ಬುತಗ್ಗಿನ ಒರಟು ಲೇಪ, ಬಳಿಸಿದ್ದರು. ಒರಗಿದರೆ ಮೊಣಕೈ ತರಚುತ್ತಿತ್ತು, ಧೂಳು ಒರೆಸಹೋದರೆ ಬಟ್ಟೆಯ ಎಳೆ ಗೋಡೆಗೇ ಸಿಕ್ಕಿಕೊಳ್ಳುತ್ತಿತ್ತು. ಬಕೆಟ್‌ನಲ್ಲಿ ಕಲಸಿಯೇ ಬರುವ ಜಾಯಿಂಟ್ ಕಾಂಪೌಂಡ್ (ಗೋಡೆಯ ಸಂದು, ಗುಂಡಿ ತುಂಬಿ ನುಣುಪು ಮಾಡುವ ಬಿಳಿ ಲೇಪ) ತಂದು ನಾನೇ ಬಳಿದು ಈಗ ಮೂರು ವರ್ಷ.

ವಸ್ತು ಒಳ್ಳೆಯದು, ಆದರೆ ಅವಸರದವರಿಗಲ್ಲ. ಅದರಲ್ಲಿರುವ ನೀರು ಆರಿಯೇ ಅದು ಗಟ್ಟಿಯಾಗಬೇಕು; ಆರುವಾಗ ಕುಗ್ಗುತ್ತದೆ. ಇದು ತಿಳಿಯದೆ ಮೊದಲ ಗೋಡೆಯನ್ನು ಒಂದೇ ಸಲಕ್ಕೆ ಮುಗಿಸೋಣವೆಂದು ದಪ್ಪಗೆ ಮೆತ್ತಿದೆ. ಮರುದಿನ ನೋಡಿದರೆ ಬತ್ತಿದ ಕೆರೆಯಂಗಳದಂತೆ ಬಿರುಕು! ಬಳಿದದ್ದಕ್ಕಿಂತ ಕೆರೆದು ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಆಮೇಲೆ ತೆಳ್ಳಗೆ ಮೂರು ಕೈ ಹೊಡೆದೆ, ಕೈಗೊಂದು ದಿನದ ಬಿಡುವು. ಥಂಡಿ ಇದ್ದರೆ ಇನ್ನೂ ಕಾಯಬೇಕು. ಹಸಿ ಇರುವಲ್ಲಿ ಬಣ್ಣ ಮಬ್ಬಾಗಿರುತ್ತದೆ, ಪೂರ್ತಿ ಬೆಳ್ಳಗಾದರೆ ಒಣಗಿದೆಯೆಂದು ಲೆಕ್ಕ. ಕಾಂಪೌಂಡಿಗೆ ತುಸು ನೀರು ಬೆರೆಸಿ, ರೋಲರಿಗೆ ಹತ್ತುವಷ್ಟು ತೆಳು, ಗೋಡೆಯಿಂದ ಇಳಿಯದಷ್ಟು ಗಟ್ಟಿ ಮಾಡಿಕೊಂಡು ಬಳಿದು, 12 ಇಂಚಿನ ಬ್ಲೇಡಿನಲ್ಲಿ ಎಳೆಯುವುದು ನನಗೆ ಹೊಂದಿತು. ಮೊದಲ ಕೈ ಮುಗಿದಾಗ ಗೋಡೆ ಮುಂಚಿಗಿಂತ ಅಸಹ್ಯವಾಗಿ ಕಾಣುತ್ತದೆ. ಆಗ ತುಂಬಿರುವುದು ಗುಂಡಿಗಳು ಮಾತ್ರ. ಹಳೆ ಬಣ್ಣದ ಮೇಲೆ ಸಣ್ಣ ಗುಳ್ಳೆಗಳೂ ಏಳುತ್ತವೆ. ಸ್ವಲ್ಪ ಬಿಟ್ಟು ಬ್ಲೇಡನ್ನು ಒತ್ತಿ ಮತ್ತೊಮ್ಮೆ ಎಳೆದರೆ ಹೆಚ್ಚಿನವು ಕೂರುತ್ತವೆ. ಬಕೆಟ್ ಅಂಚಿನಲ್ಲಿ ಒಣಗಿದ ಚೂರೊಂದು ಒಳಗೆ ಬಿದ್ದರೆ ಮಾತ್ರ ಕಥೆ ಮುಗಿಯಿತು: ಗೋಡೆಯುದ್ದಕ್ಕೂ ಗೀರು.

ಉಜ್ಜುವುದು ನನಗೆ ಎಲ್ಲಕ್ಕಿಂತ ಬೇಸರದ ಕೆಲಸ. ಮಾಸ್ಕ್ ಇಲ್ಲದೆ ಬೇಡವೇ ಬೇಡ. ಒದ್ದೆ ಸ್ಪಂಜಿನಲ್ಲಿ ಉಜ್ಜಿದರೆ ಧೂಳು ಕಡಿಮೆ. ಟಾರ್ಚನ್ನು ಗೋಡೆಯ ಪಕ್ಕದಿಂದ, ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಂತೆ ಹಿಡಿದರೆ ಹಗಲಲ್ಲಿ ಕಾಣದ ಏರುತಗ್ಗೆಲ್ಲ ಕಾಣುತ್ತದೆ. 1980ಕ್ಕೂ ಹಿಂದಿನ ಟೆಕ್ಸ್ಚರ್ ಆಗಿದ್ದರೆ ಕೆರೆಯುವ ಮುಂಚೆ ಕಲ್ನಾರು (ಆಸ್ಬೆಸ್ಟಾಸ್) ಇದೆಯೇ ಎಂದು ಪರೀಕ್ಷೆ ಮಾಡಿಸಿ. ಅದರ ಧೂಳು ಆಟವಲ್ಲ. ಬಣ್ಣಕ್ಕೆ ಮುಂಚೆ ಪ್ರೈಮರ್ ಬಿಡಬೇಡಿ, ಬಿಟ್ಟರೆ ಹೊಳಪು ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ. ನೀರು ತಗಲುವ ಬಚ್ಚಲಿನ ಗೋಡೆಗಂತೂ ಇದು ಬೇಡ, ಮೆತ್ತಗಾಗುತ್ತದೆ.

ಮೂರು ಗೋಡೆ ಇಂದಿಗೂ ನುಣುಪಾಗಿವೆ. ನಾಲ್ಕನೆಯದು ಕಿಟಕಿ ಪಕ್ಕ ಅಂಗೈಯಗಲ ಚಕ್ಕೆ ಎದ್ದಿತು. ಅಲ್ಲಿ ಹೊಳೆಯುವ ಎಣ್ಣೆ ಬಣ್ಣವಿತ್ತು, ಉಜ್ಜದೆ, ಪ್ರೈಮರನ್ನೂ ಹಚ್ಚದೆ ಮೇಲೆಯೇ ಬಳಿದಿದ್ದೆ. ತಪ್ಪು ಕಾಂಪೌಂಡಿನದಲ್ಲ. ಕಳೆದ ವಾರ ಅದನ್ನು ಕೆರೆದು, ಪ್ರೈಮರ್ ಹಚ್ಚಿ, ಪುಡಿಯಾಗಿ ಬರುವ ಕಾಂಪೌಂಡ್ ಕಲಸಿ ತುಂಬಿದೆ. ಸುಮಾರು 45 ನಿಮಿಷದಲ್ಲಿ ಗಟ್ಟಿಯಾಗುವಂಥದ್ದು. ಅದು ಒಣಗಲು ಕಾಯುವುದಿಲ್ಲ, ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಗೋಡೆ ಚೆನ್ನಾಗಿ ಬಂತು. ಕಲಸಿದ ಬೋಗುಣಿ ತೊಳೆಯಲು ಹೋಗುವಷ್ಟರಲ್ಲಿ ಅದೂ ಕಲ್ಲಾಗಿತ್ತು.